ಬೆಣಚುಪುಡಿ ಬೆರೆಸಿದ ಚಕ್ರ

ಚಿಂತಾಮಣಿ ತಾಲ್ಲೂಕು ಕೆಂಚಾರ್ಲಹಳ್ಳಿಯಲ್ಲಿ ವಾಸವಾಗಿದ್ದ ನನ್ನ ಭಾವನವರು, ಅಂದರೆ ನನ್ನ ಹಿರಿಯ ಅಕ್ಕನ ಪತಿ, ಎರಕ ಹೊಯ್ದ ಒಂದು ಚಕ್ರದ ಬಗ್ಗೆ ನನಗೆ ತಿಳಿದಿರುವ ಸಂಗತಿಗಳನ್ನು ಈ ಮೂಲಕ ದಾಖಲಿಸಲು ಬಯಸುತ್ತೇನೆ. ಆ ಚಕ್ರ ಸವೆಯುತ್ತದೆಯೋ ಇಲ್ಲವೋ ಎಂಬುದನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವರ ಕೊನೆಯ ದಿನಗಳ ಆಸೆಯಾಗಿತ್ತು. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ನನಗೆ ಅಭ್ಯಾಸವಿಲ್ಲವಾದ್ದರಿಂದ ಕೊರತೆಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಎಂಬತ್ತರ ದಶಕದ ಮಧ್ಯಭಾಗದಲ್ಲಿ ಭಾವ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಕರಗಿಸಿ, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಸಣ್ಣ ಚಕ್ರಗಳನ್ನು ಹೊಯ್ಯುತ್ತಿದ್ದರು. ಅಲ್ಯೂಮಿನಿಯಂ ಹಗುರವಾದರೂ ಮೆತ್ತಗಿನ ಲೋಹ. ಬೆಲ್ಟು ಉಜ್ಜಿ ಉಜ್ಜಿ ಅದು ಕೂರುವ ಹಳ್ಳ ಆಳವಾಗುತ್ತಾ ಹೋಗಿ, ಚಕ್ರ ಬಹುಬೇಗ ನಿರುಪಯುಕ್ತವಾಗುತ್ತಿತ್ತು. ಶಿಡ್ಲಘಟ್ಟದಲ್ಲಿ ನೂಲು ತೆಗೆಸುತ್ತಿದ್ದ ಒಬ್ಬ ಸಾಹೇಬರು ಸವೆದ ಚಕ್ರಗಳನ್ನು ಚೀಲದಲ್ಲಿ ತಂದು ಅಂಗಳದಲ್ಲಿ ಸುರಿಯುತ್ತಿದ್ದರು.

"ಇದು ಚಕ್ರಾನಾ ಸೋಪಾ ಗೌಡ್ರೇ? ದಿನಾ ಸ್ವಲ್ಪ ಸ್ವಲ್ಪ ಕರಗ್ತೈತೆ."

"ಸೋಪಾದ್ರೆ ನಿಮ್ಮ ಪಂಚೆ ಇಷ್ಟು ಕೊಳೆ ಯಾಕಿರ್ತಿತ್ತು ಸಾಹೇಬ್ರೇ," ಎಂದು ಭಾವ ನಕ್ಕರು. ಆದರೆ ಆ ಮಾತು ಅವರ ಮನಸ್ಸಿನಲ್ಲಿ ಉಳಿಯಿತು.

ನಾನು ಆಗ ಚಿಕ್ಕಬಳ್ಳಾಪುರದ ಒಂದು ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದೆ. ಒಂದು ಭಾನುವಾರ ಭಾವ ನನ್ನನ್ನು ಕೇಳಿದರು: "ಸಿಮೆಂಟಿಗೆ ಜಲ್ಲಿ ಹಾಕಿದ್ರೆ ಗಟ್ಟಿ ಆಯ್ತದೆ. ಅಲ್ಯೂಮಿನಿಯಂಗೂ ಕಲ್ಲು ಹಾಕಿದ್ರೆ ಏನಪ್ಪಾ ಆಯ್ತದೆ?"

ಇಂತಹ ಮಿಶ್ರಣಗಳ ಬಗ್ಗೆ ದೊಡ್ಡ ಕಾಲೇಜುಗಳಲ್ಲಿ ಸಂಶೋಧನೆ ನಡೆಯುತ್ತಿದೆ ಎಂಬುದಷ್ಟೇ ನನಗೆ ಗೊತ್ತಿತ್ತು, ಅಷ್ಟನ್ನು ತಿಳಿಸಿದೆ. ಅವರಾಗಲೇ ಗೌರಿಬಿದನೂರಿನ ಕಡೆಯಿಂದ ಬೆಣಚುಕಲ್ಲಿನ ಪುಡಿಯನ್ನು ತರಿಸಿದ್ದರು.

ಪುಡಿಯಲ್ಲಿ ತೇವವಿದ್ದರೆ ಕರಗಿದ ಲೋಹದಲ್ಲಿ ಅದು ಹರಡದೆ ಗಂಟುಗಂಟಾಗಿ ನಿಲ್ಲುತ್ತಿತ್ತು. ಆದುದರಿಂದ ಭಾವ ಪುಡಿಯನ್ನು ಬಾಣಲೆಯಲ್ಲಿ ಹುರಿದು, ಬಿಸಿಯಾಗಿರುವಾಗಲೇ ಲೋಹಕ್ಕೆ ಹಾಕಿ, ಸುಳಿ ಏಳುವಂತೆ ಕಬ್ಬಿಣದ ಸಲಾಕೆಯಿಂದ ತಿರುಗಿಸುತ್ತಿದ್ದರು. "ನನ್ನ ಹುರಿಗಾಳಿನ ಬಾಣಲೇಲಿ ಕಲ್ಲು ಹುರೀತಾರಪ್ಪ," ಎಂದು ಅಕ್ಕ ನನಗೆ ದೂರು ಹೇಳಿದರು. "ಇನ್ನು ಒಗ್ಗರಣೆ ಹಾಕಿ ನಿನಗೇ ಬಡಿಸ್ತಾರೆ ನೋಡು."

ಅವರು ಹೊಯ್ದ ಕಡ್ಡಿಗಳನ್ನು ನಮ್ಮ ಸಂಸ್ಥೆಯ ಯಂತ್ರದಲ್ಲಿ ಅನುಮತಿ ಪಡೆದು ಎಳೆದು ನೋಡಿದೆ. ಬರಿಯ ಅಲ್ಯೂಮಿನಿಯಂ ಕಡ್ಡಿ ಹಿಗ್ಗಿ, ನಡುವಿನಲ್ಲಿ ಸಣ್ಣಗಾಗಿ, ಆಮೇಲೆ ಕಡಿದುಹೋಗುತ್ತಿತ್ತು. ಪುಡಿ ಹೆಚ್ಚಾದ ಕಡ್ಡಿ ಗಡಸಾಗಿದ್ದರೂ ಸ್ವಲ್ಪವೂ ಹಿಗ್ಗದೆ ಪಟ್ಟನೆ ಮುರಿಯುತ್ತಿತ್ತು. ಸವೆಯದಿರಬೇಕು, ಮುರಿಯಲೂ ಬಾರದು. ಆ ಹದಕ್ಕೆ ಪುಡಿ ಕಡಿಮೆಯಿರಬೇಕು, ಹಿಟ್ಟಿಗಿಂತ ನುಣ್ಣಗಿರಬೇಕು ಎಂದು ಭಾವ ತೀರ್ಮಾನಿಸಿದರು.

ಇಲ್ಲಿ ಒಂದು ಸಂಗತಿಯನ್ನು ವಿವರಿಸುವುದು ಅಗತ್ಯ. ನಮ್ಮ ಕಡೆ ರೇಷ್ಮೆ ಹುಳು ಸಾಕುವ ಕೋಣೆಗೆ ಹೊರಗಿನ ಗಾಳಿ, ಹೊರಗಿನ ಜನ ಎರಡನ್ನೂ ಬಿಡುವುದಿಲ್ಲ. ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣದ ಹಾವಳಿ ಶುರುವಾದ ಮೇಲಂತೂ ಭಾವನ ಮನೆಯಲ್ಲಿ ಆ ಕೋಣೆಯ ಕಿಟಕಿಗಳಿಗೆಲ್ಲ ಬಟ್ಟೆ ಬಿಗಿದು ಸಂದುಗಳನ್ನು ಮುಚ್ಚಿದ್ದರು. ಸಾಕಾಣಿಕೆ ನಿಂತ ಮೇಲೂ ಕೋಣೆ ಹಾಗೆಯೇ ಇತ್ತು. ನುಣ್ಣಗಿನ ಪುಡಿ ಗಾಳಿಗೆ ಹಾರಿಹೋಗಬಾರದೆಂದು ಭಾವ ಅದೇ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ರೇಷ್ಮೆ ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಹುಟ್ಟಿದಾಗಿನಿಂದ ಆ ಬಾಗಿಲನ್ನು ಹಾಕಿಯೇ ಅಭ್ಯಾಸವಾಗಿದ್ದ ಮನೆಯವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹೊರಗೆ ಬಂದಾಗ ಅವರ ಹುಬ್ಬು ಬೆಳ್ಳಗಿರುತ್ತಿತ್ತು. "ಮುದುಕ ಆಗ್ಬಿಟ್ರಿ," ಎಂದು ಅಕ್ಕ ಸೆರಗಿನಿಂದ ಒರೆಸುತ್ತಿದ್ದರು.

ಕೆಲವು ವರ್ಷಗಳ ಬಳಿಕ ಕೆಮ್ಮು ಶುರುವಾಯಿತು. ಕ್ಷಯವೆಂದು ಭಾವಿಸಿ ಬಹಳ ಕಾಲ ಮಾತ್ರೆ ನುಂಗಿದರು. ಕೊನೆಗೆ ಬೆಂಗಳೂರಿನ ವೈದ್ಯರೊಬ್ಬರು ಎಕ್ಸ್-ರೇ ನೋಡಿ, ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತಿದೆ, ಅದನ್ನು ತೆಗೆಯುವ ಔಷಧವಿಲ್ಲ ಎಂದರು. ಹಿಂತಿರುಗುವಾಗ ಬಸ್ಸಿನಲ್ಲಿ ಭಾವ ನನ್ನ ಕಡೆ ತಿರುಗಿ, "ಅಲ್ಯೂಮಿನಿಯಂಗೆ ಬೆರೆಸಕ್ಕೆ ಎಷ್ಟು ಒದ್ದಾಡ್ದೆ. ಇಲ್ಲಿ ನೋಡು, ತಾನೇ ಬೆರ್ತೋಗೈತೆ," ಎಂದರು. ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಚಿಕ್ಕಬಳ್ಳಾಪುರ ಬಂದರೂ ನಾನು ಇಳಿಯಲಿಲ್ಲ. ಅವರೊಂದಿಗೆ ಊರಿನವರೆಗೂ ಹೋದೆ.

ಶೆಡ್ಡು ಮುಚ್ಚಿತು. ಮುಚ್ಚುವ ಮುನ್ನ ಹದವಾಗಿ ಬಂದ ಒಂದು ಚಕ್ರ ಮಾತ್ರ ಶಿಡ್ಲಘಟ್ಟಕ್ಕೆ ಹೋಗಿತ್ತು. ಅದನ್ನು ಕೈಯಲ್ಲಿ ತೂಗಿ ನೋಡಿದ ಸಾಹೇಬರು, "ನನ್ನ ಮಗಳ ಮದುವೆ ತನಕ ಬರ್ತದಾ ಗೌಡ್ರೇ?" ಎಂದಿದ್ದರು. ಮಗಳು ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು.

"ಮೊಮ್ಮಗಳದ್ದೂ ಮಾಡ್ಕೊಳಿ."

ಎರಡು ತಿಂಗಳ ಬಳಿಕ ಸಾಹೇಬರು ಭಾವನನ್ನು ನೋಡಲು ಬಂದರು. ಚಕ್ರ ಹೊಸದರಂತೆಯೇ ಇದೆ ಎಂದರು.

"ಎರಡು ತಿಂಗಳಿಗೆ ಎಲ್ಲಾ ಚಕ್ರಾನೂ ಹೊಸದಾಗೇ ಇರ್ತದೆ," ಎಂದ ಭಾವ ಉಸಿರಿಗಾಗಿ ನಿಲ್ಲಿಸಿದರು. "ವರ್ಷಗಳು ಹೋಗ್ಲಿ. ಆಮೇಲೆ ಹೇಳಿ."

ಒಂದು ಕಡ್ಡಿ ಮುರಿಯುತ್ತದೆ ಎಂಬುದನ್ನು ಯಂತ್ರ ಕ್ಷಣದಲ್ಲಿ ತೋರಿಸಬಲ್ಲದು. ಒಂದು ಚಕ್ರ ಸವೆಯುವುದಿಲ್ಲ ಎಂಬುದನ್ನು ತಿಳಿಯಲು ಕಾಯುವುದರ ಹೊರತು ನಮ್ಮಲ್ಲಿ ಬೇರೆ ಉಪಾಯವಿರಲಿಲ್ಲ. ಭಾವ ಗೋಡೆಗೆ ಒರಗಿ ಕೂತು ಕಾದರು; ಮಲಗಿದರೆ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಮುಂದಿನ ಚಳಿಗಾಲವನ್ನು ಅವರು ದಾಟಲಿಲ್ಲ.

ತೊಂಬತ್ತರ ದಶಕದಲ್ಲಿ, ನಾನು ಅಕ್ಕನ ಮನೆಯಲ್ಲಿದ್ದ ಒಂದು ಬೆಳಿಗ್ಗೆ, ಸಾಹೇಬರು ಮಗಳ ಲಗ್ನಪತ್ರಿಕೆ ತಂದರು. ಪತ್ರಿಕೆ ಕೊಟ್ಟ ಮೇಲೆ ಕಾಗದದಲ್ಲಿ ಸುತ್ತಿದ್ದ ಚಕ್ರವನ್ನು ಚೀಲದಿಂದ ತೆಗೆದರು.

"ಇದನ್ನ ತೋರ್ಸಕ್ಕೇ ಬಿಚ್ಕೊಂಡು ಬಂದೆ ಅಕ್ಕಾ. ಆಮೇಲೆ ಹೇಳಿ ಅಂದಿದ್ರು ಗೌಡ್ರು."

ಅಕ್ಕ ಚಕ್ರದ ಹಳ್ಳದಲ್ಲಿ ಸುತ್ತಲೂ ಬೆರಳಾಡಿಸಿದರು.

"ಮಷೀನು ನಿಂತಿರಬೇಕಲ್ವಾ?"

"ನಿಂತೈತೆ."

"ತಗೊಂಡ್ಹೋಗಿ ಹಾಕಿ. ಇಲ್ಲಿ ಸುಮ್ನೆ ಕೂತಿರ್ತದೆ."

ಸಾಹೇಬರು ಅದನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದರು. ಅಕ್ಕ ಎದ್ದು ಹುಳುವಿನ ಕೋಣೆಯ ಕಡೆಗೆ ಹೋದರು. ಭಾವ ತೀರಿಕೊಂಡಂದಿನಿಂದ ಆ ಬಾಗಿಲನ್ನು ಅವರು ಹಾಕಿಯೇ ಇರಲಿಲ್ಲ. ಹೊಸ್ತಿಲ ಮೇಲೆ ನಿಂತು, ಒಳಗೆ ಯಾರೋ ಕೆಲಸದಲ್ಲಿದ್ದಾರೆ ಎಂಬಂತೆ ಮೆಲ್ಲಗೆ ಹೇಳಿದರು:

"ಸವೆದಿಲ್ಲ ಕಣ್ರೀ."