ನನ್ನ ಕೈಗುಣ

ಹತ್ತು ದಿನದ ಹಿಂದೆ ಹುಣಸೂರಿನಿಂದ ಕೆ.ಆರ್. ನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಯಾವುದೋ ಊರಿನ ಹತ್ತಿರ ಕಿಟಕಿಯಿಂದ ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದರೆ ನಾನು ಕತ್ತು ಹೊರಗೆ ಹಾಕಿ ಮೂಸಿದೆ. ‘ತಲೆ ಒಳಗಾಕ್ಕಳಿ ಮೇಡಂ’ ಎಂದು ಕಂಡಕ್ಟರ್ ಗದರಿದ. ಐವತ್ತು ದಾಟಿದ ಕನ್ನಡ ಟೀಚರಿಗೆ ಇದೆಲ್ಲ ಬೇಕಿತ್ತಾ, ನೀವೇ ಹೇಳಿ.

ಏನು ಮಾಡಲಿ, ರಾವಂದೂರು ಕಡೆಯ ನನ್ನ ತವರಿನಲ್ಲಿ ನಾನು ಟೀಚರ್ ಅಲ್ಲ, ಕೈಗುಣದವಳು. ಅಲ್ಲಿ ಬ್ಯಾರನ್ ಮನೆಗೆ, ಅಂದರೆ ಹೊಗೆಸೊಪ್ಪು ಹದ ಮಾಡುವ ಆ ಎತ್ತರದ ಗೂಡಿಗೆ, ವರ್ಷದ ಮೊದಲ ಬೆಂಕಿಯನ್ನು ಯಾರೆಂದರೆ ಅವರು ಹಾಕುವಂತಿಲ್ಲ. ಕೈಗುಣ ಇದ್ದವರೇ ಹಾಕಬೇಕು. ಅವರು ಕಡ್ಡಿ ಗೀರಿ ಒಲೆಯೊಳಗೆ ಇಟ್ಟು ಕೈ ಮುಗಿದರೆ ಸಾಕು, ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ವಾರವಿಡೀ ಒಲೆಗೆ ಸೌದೆ ತಳ್ಳುತ್ತಾ, ಕಾವು ನೋಡುತ್ತಾ ಕೂರುವವರ ಕೈಗೆ ಯಾವ ಗುಣವೂ ಬೇಕಿಲ್ಲ.

ಈ ಕೈಗುಣ ನನಗೆ ಬಂದ ಬಗೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷ, ಹೊಸ ಸೊಸೆ ಎಂದು ಅವರ ಕೈಯಲ್ಲೇ ಬೆಂಕಿ ಹಾಕಿಸಿದ್ದರು. ಜಡಿಮಳೆಯಲ್ಲಿ ಮುರಿದು ತಂದ ಸೊಪ್ಪು, ಹಸಿ ಸೌದೆ. ಗೂಡಿನ ಬಾಗಿಲು ತೆಗೆದಾಗ ಎಲೆಗಳೆಲ್ಲ ಕಪ್ಪಗೆ ಕೂತಿದ್ದವು. ಮರುವಾರ ಮಳೆ ಬಿಟ್ಟು ಚೆನ್ನಾಗಿ ಬಿಸಿಲು ಬಂತು. ಆಗ ಹೈಸ್ಕೂಲಿನಲ್ಲಿದ್ದ ನನ್ನನ್ನು ಕರೆದು ಅವ್ವ ಕಡ್ಡಿಪೊಟ್ಟಣ ಕೊಟ್ಟಳು. ಸೊಪ್ಪು ಹಳದಿ ಬಂತು. ಮಳೆಯನ್ನೂ ಬಿಸಿಲನ್ನೂ ಎಲ್ಲರೂ ಕಣ್ಣಾರೆ ಕಂಡಿದ್ದರು. ಆದರೂ ಅತ್ತಿಗೆ ಕೈ ಕೆಟ್ಟದ್ದು, ನನ್ನ ಕೈ ಒಳ್ಳೆಯದು ಎಂದು ಊರೇ ತೀರ್ಮಾನಿಸಿತು.

ಅಲ್ಲಿಂದ ನನ್ನ ವೈಭವ ಶುರು. ಪಕ್ಕದ ಮನೆಯವರು ಸಸಿಮಡಿಗೆ ಬೀಜ ಚೆಲ್ಲಲು ಕರೆದರು. ಇನ್ನೊಬ್ಬರು ಹೊಸ ಹಸುವನ್ನು ನನ್ನ ಕೈಯಲ್ಲಿ ಗೂಟಕ್ಕೆ ಕಟ್ಟಿಸಿದರು. ಮದುವೆಯಾಗಿ ಕೆ.ಆರ್. ನಗರ ಸೇರಿದ ಮೇಲೂ ಅಣ್ಣ ಪ್ರತಿ ವರ್ಷ ಕರೆಸಿಕೊಳ್ಳುತ್ತಿದ್ದ. ನಾನು ಇಸ್ತ್ರಿ ಸೀರೆಯುಟ್ಟು ಹೋಗಿ ಕಡ್ಡಿ ಗೀರಿ, ಕೋಳಿಸಾರು ಉಂಡು, ತೆಂಗಿನಕಾಯಿ ಹೊತ್ತು ಬರುತ್ತಿದ್ದೆ. ಅಷ್ಟು ಹೊತ್ತೂ ಅತ್ತಿಗೆ, ಬೆರಳಿನ ತುಂಬ ಸೊಪ್ಪಿನ ಅಂಟು ಮೆತ್ತಿಕೊಂಡು, ಗೂಡಿನೊಳಗೆ ತೂಗುಹಾಕುವ ಕೋಲಿಗೆ ಎಲೆ ಕಟ್ಟುತ್ತಿರುತ್ತಿದ್ದರು.

ಇನ್ನೊಂದು ತಮಾಷೆ ಕೇಳಿ. ನನಗೆ ನೌಕರಿ ಸಿಕ್ಕಾಗ ‘ನಿನ್ನ ಅದೃಷ್ಟ’ ಎಂದವರ ಮೇಲೆ ನಾನು ಉರಿದುಬಿದ್ದಿದ್ದೆ. ಹಗಲೂ ರಾತ್ರಿ ಓದಿದ್ದು ಅದೃಷ್ಟವೇ? ನನ್ನ ನೌಕರಿಗೆ ಶ್ರಮ ಕಾರಣ, ಅಣ್ಣನ ಸೊಪ್ಪಿಗೆ ಮಾತ್ರ ನನ್ನ ಕೈಗುಣ ಕಾರಣ! ಎರಡನ್ನೂ ಒಟ್ಟಿಗೆ ಹೇಗೆ ನಂಬಿಕೊಂಡಿದ್ದೆನೋ.

ಬಸ್ಸಿನಲ್ಲಿ ಆ ವಾಸನೆ ಕುಡಿಯುತ್ತಿದ್ದಾಗಲೇ ಅತ್ತಿಗೆಯ ಫೋನ್ ಬಂತು.

‘ಈ ಸಲ ನೀ ಬರ್ಬ್ಯಾಡ ಕಣಮ್ಮಣ್ಣಿ. ಜ್ವರ ಅಂತ ಯೋಳ್ಬುಡು ನಿಮ್ಮಣ್ಣಂಗೆ.’

‘ಯಾಕೆ ಅತ್ಗೆ?’

‘ಬೆಂಕಿ ನಾನ್ ಆಕ್ತೀನಿ. ಬರೋ ವರ್ಸ ಮನೆಗೆ ಸೊಸೆ ಬತ್ತಾಳೆ. ಅವಳ ಮುಂದೂ ಕೈ ಕೆಟ್ಟೋಳು ಅನ್ನುಸ್ಕಂಡು ಇರ್ಲಾ ನಾನು?’

ಸೊಪ್ಪು ಮತ್ತೆ ಕಪ್ಪಾದರೆ? ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅದನ್ನು ಅವರು ನನಗಿಂತ ಮೊದಲೇ ಯೋಚಿಸಿರುತ್ತಾರೆ. ಸಂಜೆ ಅಣ್ಣ ಕರೆಯಲು ಫೋನ್ ಮಾಡಿದಾಗ ಜ್ವರ ಎಂದೆ.

‘ಮತ್ತೆ ಬೆಂಕಿ ಯಾರಮ್ಮಿ ಆಕೋರು?’

‘ಅತ್ಗೆ ಕೈಲಿ ಹಾಕ್ಸಣ್ಣ.’

‘ಅವಳ ಕೈಲಾ?’

‘ನಾನೇ ಹೇಳ್ತಾ ಇದೀನಲ್ಲ, ಹಾಕ್ಸು.’

ಆ ಒಂದು ವಾರ ನಾನು ನಾನಾಗಿರಲಿಲ್ಲ. ಕೆ.ಆರ್. ನಗರದಲ್ಲಿ ಮೋಡ ಕವಿದರೆ ರಾವಂದೂರಿನಲ್ಲಿ ಮಳೆಯೇನೋ ಎಂದು ಕಿಟಕಿಗೆ ಓಡುತ್ತಿದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ತರಗತಿಯಲ್ಲಿ ಪರಿಶ್ರಮದ ಮಹತ್ವ ಕುರಿತು ಪ್ರಬಂಧ ಬರೆಸುತ್ತಾ, ‘ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ’ ಎಂಬಲ್ಲಿಗೆ ಬಂದು ಮಾತು ನಿಂತಿತು. ಸಿಕ್ಕೇ ಸಿಗುತ್ತದೆಯೇ? ಇಷ್ಟು ವರ್ಷ ಕಷ್ಟಪಟ್ಟ ಅತ್ತಿಗೆಗೆ ಸಿಕ್ಕಿದ್ದೇನು? ಇದರ ನಡುವೆ ಇನ್ನೊಂದು ಹುಳ ಒಳಗೇ ಕೊರೆಯುತ್ತಿತ್ತು. ಸೊಪ್ಪು ಚೆನ್ನಾಗಿ ಬಂದುಬಿಟ್ಟರೆ ಮುಂದಿನ ವರ್ಷ ನನ್ನನ್ನು ಯಾರು ಕರೆಯುತ್ತಾರೆ? ಅತ್ತಿಗೆ ಗೆಲ್ಲಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ, ಆದರೆ ಮನಸ್ಸು ಪೂರ್ತಿಯಾಗಿ ಜೊತೆಗೆ ಬರುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಅಣ್ಣನ ಫೋನ್ ಬಂತು. ಕುಣಿಯುವುದೊಂದು ಬಾಕಿ.

‘ಅಮ್ಮೀ, ಚಿನ್ನ ಕಣಮ್ಮಿ! ಇಂಥ ಬಣ್ಣ ನಮ್ ಗೂಡಲ್ಲಿ ಯಾವತ್ತೂ ಬಂದಿರ್ನಿಲ್ಲ. ನೋಡ್ದಾ ನಿನ್ ಕೈಗುಣ!’

‘ನನ್ನದೇನಣ್ಣ? ಬೆಂಕಿ ಹಾಕಿದ್ದು ಅತ್ಗೆ ಅಲ್ವಾ?’

‘ಆಕಿದ್ದು ಅವಳೇ ಬುಡು. ಆಕ್ಸು ಅಂದೋಳು ನೀನಲ್ವಾ! ನಿನ್ ಬಾಯಲ್ಲೂ ಗುಣ ಅದೆ ಕಣಮ್ಮಿ.’

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ, ಮುಚ್ಚಿಡುವುದೇಕೆ, ಒಂದಿಷ್ಟು ಖುಷಿಯೂ ಆಯಿತು. ಆ ಖುಷಿ ಕಂಡೇ ನನಗೆ ಭಯವಾಯಿತು. ಫೋನನ್ನು ಅತ್ತಿಗೆಗೆ ಕೊಡು ಎಂದೆ.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

‘ಕಪ್ಪಾಗಿದ್ರೆ ನನ್ ಕೈ. ಅಳ್ದಿ ಆದ್ರೆ ನಿನ್ ಬಾಯಿ. ಅಲ್ವಾ ಅಮ್ಮಣ್ಣಿ?’

‘ಅತ್ಗೆ, ನಾನು ಅಣ್ಣಂಗೆ ಬಿಡಿಸಿ ಹೇಳ್ತೀನಿ…’

‘ಏನೂ ಯೋಳ್ಬ್ಯಾಡ. ನೀ ಯೋಳಿದ್ದಕ್ಕೇ ನಿಮ್ಮಣ್ಣ ಒಪ್ಕಂಡ್ರು ಅಂತ ಅದೂ ನಿನ್ ಲೆಕ್ಕಕ್ಕೇ ಓಯ್ತದೆ.’ ಆಮೇಲೆ ಅವರೇ ಅಂದರು: ‘ಮುಂದ್ಲ ವಾರ ಎರಡ್ನೇ ಸೊಪ್ಪು ತುಂಬ್ತೀವಿ. ಅದ್ಕೂ ಬೆಂಕಿ ನಾನೇ ಆಕ್ತೀನಿ. ಆಗ ನೀನು ಬಾ. ಜ್ವರ ಗಿರ ಅನ್ಬ್ಯಾಡ. ಬಂದು ನನ್ ಜೊತೆ ಸೊಪ್ಪು ಕಟ್ಟು.’

ಬರುತ್ತೇನೆ ಎಂದೆ. ಇಸ್ತ್ರಿಗೆ ಕೊಡಲು ತೆಗೆದಿಟ್ಟಿದ್ದ ಸೀರೆಯನ್ನು ಬೀರುವಿನೊಳಗೆ ತಳ್ಳಿ, ಅಂಟು ಮೆತ್ತಿದರೂ ಪರವಾಗಿಲ್ಲ ಎನ್ನುವಂಥ ಒಂದು ಹಳೆಯ ನೈಟಿಯನ್ನು ಹುಡುಕುತ್ತಿದ್ದೇನೆ. ಕೋಲಿಗೆ ಎಲೆ ಕಟ್ಟುವುದು ಹೇಗೆಂದು ನನಗೆ ಗೊತ್ತಿಲ್ಲ. ಇಷ್ಟು ವರ್ಷ ಯಾರೂ ನನಗೆ ಹೇಳಿಕೊಟ್ಟಿಲ್ಲ, ನಾನೂ ಕೇಳಿಲ್ಲ.