ಕೇರಂ ಬೋರ್ಡಿಗೆ ಬಂಗಡೆ ವಾಸನೆ

ಅಣ್ಣನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದ್ದರೆ ಅರೆಗಳಿಗೆಯ ಕೆಲಸ. ಹೇಳದೆ ಇರುವುದಕ್ಕೆ ಮಾತ್ರ ವರ್ಷಗಟ್ಟಲೆ ಹಿಡಿಯಿತು.

ಮೊನ್ನೆ ನನ್ನ ಹೋಟೆಲಿನ ಅಟ್ಟದಿಂದ ಹಳೇ ಕೇರಂ ಬೋರ್ಡನ್ನು ಇಳಿಸಿದಾಗ ಬಂಗಡೆ ಮೀನಿನ ವಾಸನೆ ಬಂತು. ಇಷ್ಟು ಕಾಲದ ಮೇಲೆ ಮರದಲ್ಲಿ ವಾಸನೆ ಉಳಿದೀತೇ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಮೂಸಿ ನೋಡಿ, "ಎಂತ ವಾಸ್ನೆಯೂ ಇಲ್ಲ, ಧೂಳು ಅಷ್ಟೇ" ಎಂದಳು. ಹಾಗಾದರೆ ವಾಸನೆ ಬೋರ್ಡಿನದಲ್ಲ, ನನ್ನದು.

ಅಣ್ಣ ಸೈನ್ಯದಲ್ಲಿ ಹವಾಲ್ದಾರನಾಗಿದ್ದ. ನಮ್ಮ ಊರಿನವರಿಗೆ ಮಿಲಿಟರಿಯವನೆಂದರೆ ಹಿಮದಲ್ಲಿ ಬಂದೂಕು ಹಿಡಿದು ನಿಂತವನು. ಅಣ್ಣನೂ ಮೊದಲು ಹಾಗೇ ನಿಂತಿದ್ದ. ಮೊಣಕಾಲು ಕೆಟ್ಟ ಮೇಲೆ ಅವನನ್ನು ಜವಾನರ ಮನರಂಜನಾ ಕೋಣೆಯ ಉಸ್ತುವಾರಿಗೆ ಹಾಕಿದರು. ರಜೆಯಲ್ಲಿ ಬಂದಾಗ ನಮ್ಮ ಭಾವ, "ಗಡಿಯಲ್ಲಿ ಎಂತ ವಿಶೇಷ?" ಎಂದು ಕೇಳಿದರೆ ಅಣ್ಣ ಬಹಳ ಗಂಭೀರವಾಗಿ, "ಕೇರಂನ ಕೆಂಪು ಕಾಯಿ ಕಳ್ದುಹೋಗಿತ್ತು, ಸಿಕ್ತು" ಎನ್ನುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅಮ್ಮ ಮಾತ್ರ ನೆರೆಮನೆಯವರಿಗೆ, "ಅವಂಗೆ ಭಾರೀ ಗುಟ್ಟಿನ ಕೆಲ್ಸ ಕೊಟ್ಟಿದ್ದಾರೆ, ಹೊರಗೆ ಹೇಳೂಕಾಗ" ಎಂದು ಮನೆಯ ಮರ್ಯಾದೆ ಉಳಿಸುತ್ತಿದ್ದಳು.

ಆ ಕೋಣೆಯ ನಿಯಮಗಳನ್ನು ಕೇಳಿದರೆ, ಆಟಕ್ಕೇ ಇಷ್ಟಾದರೆ ಯುದ್ಧಕ್ಕೆ ಎಷ್ಟಿವೆಯೋ ಎಂದು ನನಗೆ ಗಾಬರಿಯಾಗುತ್ತಿತ್ತು. ಸ್ಟ್ರೈಕರ್ ಬೇಕಾದರೆ ಸಹಿ ಹಾಕಬೇಕು. ಟಿವಿಯ ರಿಮೋಟಿಗೆ ಬೀಗವಿರುವ ಪೆಟ್ಟಿಗೆ. ಬೀಗದ ಕೈ ಇಟ್ಟುಕೊಂಡವನು ರಜೆಯ ಮೇಲೆ ಹೋದನೆಂದರೆ, ಅವನು ವಾಪಸು ಬರುವ ತನಕ ಎಲ್ಲರೂ ಒಂದೇ ಚಾನೆಲ್ಲಿನಲ್ಲಿ ಎರೆಹುಳು ಗೊಬ್ಬರ ನೋಡಬೇಕು. ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನ ಜವಾನರು ಆಟವಾಡುತ್ತ ಸಂತೋಷವಾಗಿ ಕಾಣಬೇಕೆಂದು ಆದೇಶವಾಗುತ್ತಿತ್ತಂತೆ. ಬೂಟಿಗೆ ಪಾಲಿಶ್ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಸಂತೋಷವಾಗಿರುತ್ತಿದ್ದರಂತೆ.

ನಿವೃತ್ತನಾಗಿ ಕುಮಟಾಕ್ಕೆ ಬಂದವನು, ನನ್ನ ಹೋಟೆಲಿನ ಹಿಂದೆ ಅಕ್ಕಿ ಮೂಟೆ ಇಡುತ್ತಿದ್ದ ಕೋಣೆಯನ್ನು ಕೇಳಿದ. "ಮಾಜಿ ಸೈನಿಕರಿಗೆ ಕೂತ್ಕಳೂಕೆ ಒಂದು ಜಾಗ ಬೇಕು" ಎಂದ. ನಮ್ಮ ಕಡೆ ಅಂಥವರು ಅಲ್ಲೊಬ್ಬರು ಇಲ್ಲೊಬ್ಬರು. ಧ್ವಜ ಹಾರಿಸುವ ದಿನ ಊರು ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತದೆ. ಉಳಿದ ದಿನಗಳಲ್ಲಿ ಮಿಲಿಟರಿ ಕ್ಯಾಂಟೀನಿನ ರಮ್ ಸಿಗುತ್ತದೆಯೇ ಎಂದು ಕೇಳುತ್ತದೆ.

ಕೋಣೆಗೆ ಸುಣ್ಣ ಬಳಿಸಿ, ಕೇರಂ ಬೋರ್ಡು ಇಟ್ಟು, ಅಣ್ಣ ಪೇಂಟರನಿಂದ ಒಂದು ಹಲಗೆ ಬರೆಸಿದ. ನಾನು ಆರನೇ ಇಯತ್ತೆಗೆ ಶಾಲೆಗೆ ನಮಸ್ಕಾರ ಹೇಳಿದವನು. ಬೆರಳಿಟ್ಟು ಓದಿದೆ: 'ಹೊರಗಿನವರು ಬರತಕ್ಕದ್ದಲ್ಲ. ಪಣ ಕಟ್ಟತಕ್ಕದ್ದಲ್ಲ. ಗೆದ್ದವರು ಕೂಗತಕ್ಕದ್ದಲ್ಲ. ಸೋತವರು ಕಾರಣ ಹೇಳತಕ್ಕದ್ದಲ್ಲ.'

"ಅಣ್ಣಾ, ಇದ್ರಲ್ಲಿ ಮಾಡೂದು ಎಂತಾದ್ರೂ ಉಂಟಾ?"

"ಆಡೂದು."

"ಸೋತವರದ್ದೂ ಮಿಲಿಟರಿ ನಿಯಮವೇಯಾ?"

"ಅಲ್ಲ. ಅದೊಂದು ನಂದು."

ಹೆಚ್ಚು ಜನ ಬರಲಿಲ್ಲ. ತಪ್ಪದೆ ಬರುತ್ತಿದ್ದವನು ಮಾವಳ್ಳಿಯ ಗಣಪಣ್ಣ. ಅವನೂ ಸೈನ್ಯದಲ್ಲಿದ್ದು ಬಂದವನು. ಪ್ರತಿ ರವಿವಾರ ಬಸ್ಸು ಹಿಡಿದು, ಹೊನ್ನಾವರ ದಾಟಿ ಬಂದು, ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಅವನ ಬಲಗೈ ನಡುಗುತ್ತಿತ್ತು. ಸ್ಟ್ರೈಕರ್ ಹೊಡೆದರೆ ಅದು ಕಾಯಿಗಳನ್ನು ಬಿಟ್ಟು ಊರೆಲ್ಲ ಸುತ್ತಿ ಬರುತ್ತಿತ್ತು. ಸೋಲುವುದು ಯಾವಾಗಲೂ ಅವನೇ. ಅಣ್ಣ, "ಆತು. ಮತ್ತೊಂದು?" ಎಂದು ಕಾಯಿ ಜೋಡಿಸುತ್ತಿದ್ದ. ನಾನು ಚಾ ಕೊಡಲು ಹೋದರೆ, ಇಬ್ಬರು ಮಾಜಿ ಸೈನಿಕರು ಪರೀಕ್ಷೆ ಬರೆಯುವವರಂತೆ ಕೂತಿರುವುದು ಕಂಡು, ಇದಕ್ಕೂ ಮನರಂಜನೆ ಅನ್ನುತ್ತಾರಲ್ಲ ಎಂದು ಹೊರಗೆ ಬಂದು ನಗುತ್ತಿದ್ದೆ.

ಅಣ್ಣ ಮೊಣಕಾಲಿನ ಆಪರೇಶನ್ನಿಗೆಂದು ಮಿಲಿಟರಿ ಆಸ್ಪತ್ರೆಗೆ ಹೊರಟಾಗ ಕೋಣೆಯ ಬೀಗದ ಕೈಯನ್ನು ನನಗೆ ಕೊಟ್ಟ. "ಗಣಪ ಬಂದ್ರೆ ಅವನ ಜೊತಿಗೆ ಆಡು. ಮತ್ತೆ, ನಿಯಮ ತಪ್ಪಬೇಡ" ಎಂದ.

"ನೀ ಹೋಗು. ನಾ ನೋಡ್ಕಳ್ತೆ" ಎಂದೆ.

ನೋಡಿಕೊಂಡೆ. ಮೊದಲ ವಾರವೇ ರಿಕ್ಷಾ ಓಡಿಸುವ ಮಂಜು ಬಾಗಿಲಲ್ಲಿ ನಿಂತ. "ಬೋರ್ಡು ಸುಮ್ನೇ ಬಿದ್ದಿದೆಯಲ್ಲಾ ಮಾರಾಯಾ. ನಾವೆಂತ ಶತ್ರು ಸೈನ್ಯದವರಾ?" ನನಗೂ ಹೌದೆನ್ನಿಸಿತು. ಅವನ ಹಿಂದೆ ಮತ್ತೆ ನಾಲ್ಕು ಜನ ಬಂದರು. ನಾನು ಹಲಗೆ ತೋರಿಸಿ, "ಪಣ ಮಾತ್ರ ಇಲ್ಲ" ಎಂದು ಕಟ್ಟುನಿಟ್ಟು ಮಾಡಿದೆ.

"ಪಣ ಅಂದ್ರೆ ದುಡ್ಡು" ಎಂದ ಮಂಜು. "ಬಂಗಡೆ ದುಡ್ಡಾ?"

ನೀವೇ ಹೇಳಿ, ಬಂಗಡೆ ದುಡ್ಡೇ? ಸೈನ್ಯಕ್ಕೆ ನಿಯಮ ಬರೆದವರು ಬಂಗಡೆಯ ಸುದ್ದಿ ಎತ್ತಿರಲಿಲ್ಲ. ಗೆದ್ದವನಿಗೆ ಸೋತವನ ಮೀನು ಎಂದಾಯಿತು. ಮಾರ್ಕೆಟಿನಿಂದ ಬರುವವರು ಚೀಲದ ಸಮೇತ ಒಳಗೆ ಬಂದು, ಮೀನನ್ನು ಬೋರ್ಡಿನ ಅಂಚಿನಲ್ಲೇ ಇಟ್ಟುಕೊಂಡು ಕೂತರು. ಪೌಡರಿನ ಮೇಲೆ ಮೀನಿನ ನೀರು ಹರಿಯಿತು. ಗೆದ್ದವರು ಕೂಗಿದರು. ಸೋತವರು ಕಾರಣ ಹೇಳಿದರು: ಬೋರ್ಡು ಓರೆ, ಗಾಳಿ ಜೋರು, ಬೆಳಿಗ್ಗೆ ಹೆಂಡತಿ ಬೈದಿದ್ದಳು. ನೋಡುವವರು ಆಡುವವರಿಗೆ ಪಾಠ ಹೇಳಿದರು. ನನ್ನ ಚಾ ಕೆಟಲು ಒಲೆಯಿಂದ ಇಳಿಯಲಿಲ್ಲ. ಸರಕಾರಕ್ಕೆ ಮಾಡಲಾಗದ ಮನರಂಜನೆಯನ್ನು ನಾನು ಮಾಡಿ ತೋರಿಸಿದೆ ಎಂದು ಎದೆ ಉಬ್ಬಿತು.

ರವಿವಾರ ಗಣಪಣ್ಣ ಬಂದ. ಗದ್ದಲ ಕಂಡು ಬಾಗಿಲಲ್ಲೇ ನಿಂತ. "ಬನ್ನಿ ಗಣಪಣ್ಣಾ, ಮಿಲಿಟರಿ ಕೈಚಳಕ ತೋರ್ಸಿ" ಎಂದು ಕೈಹಿಡಿದು ಕೂರಿಸಿದವನು ನಾನೇ. ಅವನು ಸ್ಟ್ರೈಕರ್ ಇಟ್ಟ. ಕೈ ನಡುಗಿತು. ಎರಡೂ ಕೈ ಕೂಡಿಸಿ ಹೊಡೆದ. ಸ್ಟ್ರೈಕರ್ ಬೋರ್ಡಿನಿಂದ ಹಾರಿ ಮಂಜುವಿನ ಮೀನಿನ ಚೀಲಕ್ಕೆ ಬಿತ್ತು.

"ಅಯ್ಯಯ್ಯೋ! ಹೀಂಗೆ ಗುಂಡು ಹೊಡೆದ್ರೆ ದೇಶ ಉಳಿದದ್ದು ಹೆಂಗಾ?" ಎಂದ ಮಂಜು.

ಕೋಣೆಯೆಲ್ಲ ನಕ್ಕಿತು. ಕೆಟಲು ಹಿಡಿದು ನಿಂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಹೋಟೆಲಿನ ಯಜಮಾನ ಗಿರಾಕಿಗಳ ಜೊತೆ ನಗಬೇಕಲ್ಲ. ಗಣಪಣ್ಣ ನನ್ನ ಮುಖವನ್ನೇ ನೋಡಿದ, ಮಂಜುವಿನದನ್ನಲ್ಲ. ಕಿಸೆಯಿಂದ ಕರವಸ್ತ್ರ ತೆಗೆದು ಸ್ಟ್ರೈಕರ್ ಒರೆಸಿ, ಕಾಯಿಗಳನ್ನು ನಡುವೆ ಜೋಡಿಸಿಟ್ಟು ಎದ್ದ. ಆಟ ಮುಗಿದ ಮೇಲೆ ಹಾಗೆ ಜೋಡಿಸಿಡಬೇಕೆಂಬುದು ಅಣ್ಣ ಕಲಿಸಿದ ರೂಢಿ.

ಅಣ್ಣ ಕೋಲೂರಿಕೊಂಡು ವಾಪಸು ಬಂದವನೇ ಬೋರ್ಡನ್ನು ಮೂಸಿದ. "ಇದೆಂತದಾ ವಾಸ್ನೆ?"

"ಬೆಕ್ಕು ಹತ್ತಿರ್ಬೇಕು" ಎಂದೆ.

ನಮ್ಮ ಹೋಟೆಲಿನಲ್ಲಿ ಬೆಕ್ಕೇ ಇರಲಿಲ್ಲ. ಆದರೂ ಅಣ್ಣ ನಂಬಿದ. ಪೇಂಟರನನ್ನು ಮತ್ತೆ ಕರೆಸಿ, ಹಲಗೆಯ ಕೆಳಗೆ 'ಪ್ರಾಣಿಗಳು ಒಳಗೆ ಬರತಕ್ಕದ್ದಲ್ಲ' ಎಂದು ಸೇರಿಸಿದ. ಆ ಸಾಲು ನನ್ನ ಬಗ್ಗೆ ಎಂದು ನನಗೊಬ್ಬನಿಗೇ ಗೊತ್ತಿತ್ತು.

ರವಿವಾರ ಬಂತು, ಗಣಪಣ್ಣ ಬರಲಿಲ್ಲ. ಅಣ್ಣ ಕಾಯಿ ಜೋಡಿಸಿಟ್ಟು ರಸ್ತೆ ನೋಡುತ್ತ ಕೂತ. ಮುಂದಿನ ರವಿವಾರವೂ ಅಷ್ಟೇ. ಫೋನು ಮಾಡಿದರೆ ಆ ಕಡೆಯಿಂದ, "ಎಂತ ಇಲ್ಲ, ಹೀಂಗೇ" ಎಂದಷ್ಟೇ ಬಂತು. ಸೋತವರು ಕಾರಣ ಹೇಳತಕ್ಕದ್ದಲ್ಲ. ಆ ಕೋಣೆಯ ನಿಯಮವನ್ನು ಕೊನೆಯ ತನಕ ಪಾಲಿಸಿದವನು ಅವನೊಬ್ಬನೇ.

ಒಂದು ದಿನ ಅಣ್ಣ ಸ್ಟೂಲು ಹತ್ತಿ, ಸ್ಕ್ರೂ ಬಿಚ್ಚಿ ಹಲಗೆ ಇಳಿಸಿದ. "ನನ್ ನಿಯಮನೇ ಜಾಸ್ತಿ ಆತು ಕಾಣ್ತದೆ" ಎಂದ. "ಮನೆಗೆ ಬಂದ ಮನ್ಷನ್ನ ಮತ್ತೆ ಪರೇಡಿಗೆ ನಿಲ್ಸಿದ ಹಂಗಾತು. ಪಾಪ, ಅವಂಗೆ ಬೇಜಾರು ಬಂತು." ನಾನು ಸ್ಟೂಲು ಅಲುಗಾಡದಂತೆ ಹಿಡಿದುಕೊಂಡಿದ್ದೆ. ಹೇಳಬೇಕಾದ ಹೊತ್ತು ಅದೇ. ಸ್ಟೂಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ, ಅಷ್ಟೇ. ಕೋಣೆಗೆ ಅಕ್ಕಿ ಮೂಟೆ ವಾಪಸು ಬಂತು. ಬೋರ್ಡು ಅಟ್ಟಕ್ಕೆ ಹೋಯಿತು. ಆಮೇಲೆ ಅಣ್ಣ ಯಾರ ಎದುರೂ ಆ ಕೋಣೆಯ ಮಾತೆತ್ತಲಿಲ್ಲ.

ಮೊನ್ನೆ ಆ ಬೋರ್ಡನ್ನು ಒರೆಸಿ, ಮಂಜುವಿನ ರಿಕ್ಷಾದಲ್ಲೇ ಹಾಕಿಕೊಂಡು ಅಣ್ಣನ ಮನೆಗೆ ಹೋದೆ. ಅತ್ತಿಗೆ ಬಾಗಿಲು ತೆಗೆದಳು. ಅಣ್ಣ ಜಗಲಿಯಲ್ಲಿ ಕೂತಿದ್ದ.

"ಈಗೆಂತಕ್ಕೆ ತಂದ್ಯಾ? ಇನ್ನು ಆಡೂದು ಯಾರು?"

"ನಾಳೆ ಮಾವಳ್ಳಿಗೆ ಹೋಗ್ತೆ ಅಣ್ಣಾ, ಗಣಪಣ್ಣನ ಹತ್ರ. ಅದಕ್ಕೂ ಮೊದ್ಲು ನಿಂಗೊಂದು ಹೇಳೂಕಿದೆ. ಆವಾಗ ಹೋಟೆಲಿಗೆ ಗಿರಾಕಿ ಕಮ್ಮಿ ಇದ್ರು, ಈ ಮಂಜು ಒತ್ತಾಯ ಮಾಡ್ದ, ಮತ್ತೆ ಪಣ ಅಂದ್ರೆ ನಾ ತಿಳ್ಕಂಡದ್ದು..."

ಅಣ್ಣ ಕೈ ಎತ್ತಿದ. "ಸೋತದ್ದು ಹೌದಾ?"

"ಹೌದು."

"ಹಂಗಾರೆ ಕಾರಣ ಬೇಡ."

ಕಾರಣಗಳನ್ನೆಲ್ಲ ತೆಗೆದ ಮೇಲೆ ನನ್ನ ಹತ್ತಿರ ಉಳಿದದ್ದು ಸ್ವಲ್ಪವೇ. ಅದನ್ನು ಅತ್ತಿಗೆಗೂ, ಗೇಟಿನಲ್ಲಿ ನಿಂತ ಮಂಜುವಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

"ಬೆಕ್ಕಲ್ಲ ಅಣ್ಣಾ, ನಾನು. ಗಣಪಣ್ಣ ಬಿಟ್ಟು ಹೋದದ್ದು ನಿನ್ ನಿಯಮಕ್ಕಲ್ಲ. ಅವನ ಕೈ ನಡುಗಿದ್ದಕ್ಕೆ ನಾ ನಕ್ಕಿದ್ದೆ. ತಪ್ಪಾತು."