ಧಾರವಾಡದ ಜೋಡಿ ಮಷೀನು

“ನೋಡ್ರಿ ಕಾಕು, ನಮ್ಮ ಮಷೀನು ಗೋಕುಲ ರೋಡಿನ್ಯಾಗ ಅದ. ಅದರ ಜೋಡಿ ಮಷೀನು ಧಾರವಾಡದಾಗ. ಬ್ಯಾಂಕಿನ ಯಾವ ಬ್ರ್ಯಾಂಚಿನ್ಯಾಗ ಏನರ ಬರದ್ರೂ ಮೊದಲ ನಮ್ಮ ಡಿಸ್ಕಿನ್ಯಾಗ ಬೀಳ್ತದ. ಬಿದ್ದ ಕೂಡ್ಲೆ ‘ಆತು’ ಅಂತ ಹೇಳಿಬಿಡ್ತೇವಿ. ಧಾರವಾಡಕ್ಕ ಮುಟ್ಟೋತನಾ ಕೌಂಟರಿನ ಮಂದೀನ ನಿಲ್ಲಸಿದ್ರ ಎಲ್ಲಾರ ಕೆಲಸಾನೂ ನಿಧಾನ ಆಗ್ತದ. ಅದಕ್ಕ ಆಮ್ಯಾಲೆ, ಯಾವುದು ಮೊದಲ ಬರದದ್ದು ಯಾವುದು ಹಿಂದಿಂದ ಅಂತ ವ್ಯಾಳ್ಯಾ ಹಚ್ಚಿ, ಗುಂಪು ಗುಂಪು ಮಾಡಿ ಕಳಸ್ತೇವಿ. ಅವರು ಅದ ಸಾಲಿನ್ಯಾಗ ಇಳಿಸ್ಕೋತಾರ. ಹಿಂಗಾಗಿ ಧಾರವಾಡ ಯಾವಾಗಲೂ ನಮಗಿಂತ ಒಂಚೂರು ಹಿಂದ. ಹಿಂದಿದ್ರ ನಡೀತದ, ಸಾಲು ತಪ್ಪಬಾರದು. ನಾಳೆ ಇಲ್ಲೆ ಬೆಂಕಿ ಬಿದ್ರ ಆ ಒಂಚೂರು ಹೋಗ್ತದ. ಉಳಿದದ್ದು ಖರೇನ ಇರ್ತದ.”

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯ ಮೇಲಿನ ಖೋಲಿಗಳಲ್ಲಿ ಬಾಡಿಗೆಗಿದ್ದ ಸುಲಭಾ ಹೇಳಿದ ಮಾತು ಇದು. ಧಾರವಾಡದ ಸಾಲಿ ಮಾಸ್ತರರ ಮಗಳು. ತೊಂಬತ್ತರ ಹೊತ್ತಿಗೆ ಬ್ಯಾಂಕಿನ ಕಂಪ್ಯೂಟರ್ ಕೇಂದ್ರಕ್ಕೆ ಸೇರಿದಳು. ಆಗ ದಿನದ ಲೆಕ್ಕವನ್ನೆಲ್ಲ ಟೇಪಿಗೆ ಇಳಿಸಿ ಸಂಜೆ ಜೀಪಿನಲ್ಲಿ ಧಾರವಾಡಕ್ಕೆ ಕಳಿಸುತ್ತಿದ್ದರಂತೆ. ಜೀಪು ಮುಟ್ಟಿತೆಂಬ ಫೋನು ಬರುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನೆಲದಡಿ ಧಾರವಾಡದವರೆಗೆ ಎಳೆದ ತಂತಿಯ ಮೇಲೆ ಕಳಿಸುವ ಕಾಲ ಬಂದ ಮೇಲೂ ಆ ಕಳವಳ ಹೋಗಲಿಲ್ಲ. ತುತ್ತು ಬಾಯಿಗಿಡುವಾಗಲೂ ಕಿವಿ ಫೋನಿನ ಕಡೆಗೇ ಇರುತ್ತಿತ್ತು. ಗಂಡ ಪಂಢರಿನಾಥ ನನ್ನೆದುರಿಗೇ ಕಾಡಿಸುತ್ತಿದ್ದ: “ನನಗ ಜ್ವರಾ ಬಂದ್ರ ಸಂಜೀಕ ಕೇಳ್ತಾಳ್ರಿ. ಧಾರವಾಡದ ಮಷೀನಿಗೆ ಮಾತ್ರ ತಾಸಿಗೊಮ್ಮೆ.”

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಒಂದು ಮುಂಜಾನೆ ನವನಗರದ ಹತ್ತಿರ ರಸ್ತೆ ಅಗೆಯುವಾಗ ಆ ತಂತಿ ಹರಿಯಿತು. ಹುಬ್ಬಳ್ಳಿಯ ಮಷೀನು ಕೆಲಸ ನಿಲ್ಲಿಸಲಿಲ್ಲ. ಡಿಸ್ಕಿನಲ್ಲಿ ಯಾವ ಯಾವ ಜಾಗ ಬದಲಾಯಿತು ಎಂದು ಗುರುತು ಮಾತ್ರ ಮಾಡಿಕೊಳ್ಳುತ್ತ ಹೋಯಿತು. ಧಾರವಾಡ ಮುಂಜಾನೆಯ ಲೆಕ್ಕದ ಮೇಲೇ ನಿಂತಿತು.

ಅದೇ ಹೊತ್ತಿಗೆ ನಮ್ಮ ಓಣಿಯ ಬಳೆ ಅಂಗಡಿಯ ಇಮಾಮಬಿ ಬಸ್ಸಿನಲ್ಲಿ ಚೀಲ ಕಳೆದುಕೊಂಡಳು. ಅದರಲ್ಲಿ ವ್ಯಾಪಾರಿಗೆ ಕೊಡಲೆಂದು ಸಹಿ ಮಾಡಿದ ಖಾಲಿ ಚೆಕ್ಕು ಇತ್ತು. ಬ್ರ್ಯಾಂಚಿಗೆ ಓಡಿದಳು. ಅವರು ಚೆಕ್ಕಿಗೆ ತಡೆ ಹಾಕಿ, ಆಯಿತು ಹೋಗು ಎಂದರು. ಅವಳಿಗೆ ಸಮಾಧಾನವಾಗದೆ ಸುಲಭಾಳಿಗೂ ಫೋನು ಮಾಡಿದಳು. ಸುಲಭಾ ನೋಡಿದಳು. ತಡೆ ಬಿದ್ದಿತ್ತು. ಆದರೆ ಹುಬ್ಬಳ್ಳಿಯ ಡಿಸ್ಕಿನಲ್ಲಿ ಮಾತ್ರ.

ಮಧ್ಯಾಹ್ನ ತಂತಿ ಕೂಡಿತು. ಎಲ್ಲರೂ ಉಸಿರು ಬಿಟ್ಟರು. ಸುಲಭಾ ಬಿಡಲಿಲ್ಲ. ತಂತಿ ಕೂಡಿದ ಮೇಲೆ, ಕಳಿಸದೆ ಉಳಿದ ಬಾಕಿ ಹೋಗುವುದು ವೇಳೆಯ ಸಾಲಿನಲ್ಲಿ ಅಲ್ಲ, ಗುರುತು ಮಾಡಿದ ಜಾಗದ ಸಾಲಿನಲ್ಲಿ. ಅದು ಮುಗಿಯುವತನಕ ಧಾರವಾಡದ್ದು ಅರ್ಧ ಹಳೆಯದು, ಅರ್ಧ ಹೊಸದು, ಯಾವುದಕ್ಕೂ ಬಾರದು. ಅದಕ್ಕೇ ಬಾಕಿ ಇಳಿಸಿಕೊಳ್ಳುವ ಮೊದಲು ಮುಂಜಾನೆಯ ಲೆಕ್ಕದ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ಎತ್ತಿಡುವ ಪದ್ಧತಿ ಅವರಲ್ಲಿತ್ತು.

ಧಾರವಾಡದ ಮಷೀನು ನೋಡಿಕೊಳ್ಳುತ್ತಿದ್ದ ಮಾಲತೇಶ ಬೇಡವೆಂದ. “ಅಕ್ಕಾರ, ಎತ್ತಿಡಾಕ ಹೊತ್ತು ಹಿಡಿತೈತಿ. ಅಗಿಯೋ ಮಂದಿ ಇನ್ನೂ ಅಲ್ಲೇ ಅದಾರ, ಮತ್ತ ಹರದ್ರ? ಲಗೂ ಇಳಿಸಿಬಿಡೂಣ್ರಿ.” ಅವನ ಮಾತಿನಲ್ಲೂ ಅರ್ಥವಿತ್ತು. ಸುಲಭಾ ಹೂಂ ಅಂದಳು.

ಅರ್ಧ ಹೋಗಿರಬೇಕು, ಗೋಕುಲ ರಸ್ತೆಯಲ್ಲಿ ಕರೆಂಟು ಹೋಯಿತು. ಜನರೇಟರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮಷೀನು ಬ್ಯಾಟರಿಯ ಮೇಲೆ ನಿಂತಿತು.

ಬ್ಯಾಟರಿ ಮುಗಿದರೆ ಹುಬ್ಬಳ್ಳಿ ಇಲ್ಲ, ಧಾರವಾಡ ಇದ್ದೂ ಇಲ್ಲ. ಆಗ ಬ್ರ್ಯಾಂಚುಗಳವರು ಮುಂಜಾನೆ ಅಚ್ಚಾದ ಯಾದಿ ನೋಡಿ ಕೈಯಿಂದಲೇ ಚೆಕ್ಕು ಪಾಸು ಮಾಡುತ್ತಾರೆ. ಆ ಯಾದಿಯಲ್ಲಿ ಇಮಾಮಬಿಯ ತಡೆ ಇಲ್ಲ. ಚೆಕ್ಕು ಸಿಕ್ಕವನು ಯಾವ ಬ್ರ್ಯಾಂಚಿಗೆ ಹೋದರೂ ಅವಳ ಅಂಗಡಿಯೇ ಹೋದಂತೆ.

ಸುಲಭಾ ಕೇಂದ್ರದ ಹಿರಿಯರಾದ ಮುರುಗೆಪ್ಪನವರ ಕಡೆ ಹೋದಳು. ಕೌಂಟರಿನಿಂದ ಹೊಸದು ಬೀಳುತ್ತಿರುವಷ್ಟು ಹೊತ್ತೂ ಕಳಿಸಬೇಕಾದದ್ದು ಬೆಳೆಯುತ್ತಲೇ ಇರುತ್ತದೆ, ಎಲ್ಲ ಬ್ರ್ಯಾಂಚಿನವರೂ ಕೈ ಕಟ್ಟಿ ಕೂಡಬೇಕು, ಕೈಯಿಂದಲೂ ಏನೂ ಮಾಡಬಾರದು ಎಂದು ಕೇಳಿಕೊಂಡಳು. ಮಂದಿಯನ್ನು ಒಂದು ಚಹಾ ಕುಡಿಯುವಷ್ಟು ಹೊತ್ತು ತಡೆಯಬಹುದು, ಸಂಜೆಯವರೆಗೆ ಅಲ್ಲ. ಇನ್ನೊಂದನ್ನೂ ಬಚ್ಚಿಡಲಿಲ್ಲ.

“ಮುಂಜಾನಿ ಪ್ರತಿ ಎತ್ತಿಟ್ಟಿಲ್ರಿ ಸರ್. ನಾನ ಹೂಂ ಅಂದೆ.”

ಮುರುಗೆಪ್ಪನವರು ಅವಳ ಮುಖ ನೋಡಿದರು. “ಅದನ್ನ ನಾಳೆ ಮಾತಾಡೂಣು. ಬೈಸ್ಕೊಳ್ಳಾಕ ನಾ ಅದೀನಿ. ನಿಲ್ಲಸು.”

ಕೌಂಟರುಗಳು ನಿಂತವು. ಪ್ರಿಂಟರು, ಫ್ಯಾನು, ದೀಪ ಎಲ್ಲ ಆರಿಸಿದರು. ಕತ್ತಲು ಖೋಲಿಯಲ್ಲಿ ಒಂದು ಪರದೆ ಮಾತ್ರ ಉಳಿಯಿತು. ಬಾಕಿ ಇಳಿಯುತ್ತಿತ್ತು, ಬ್ಯಾಟರಿಯೂ ಇಳಿಯುತ್ತಿತ್ತು. ಫೋನಿನ ಆ ತುದಿಯಲ್ಲಿ ಮಾಲತೇಶನ ಉಸಿರು ಕೇಳುತ್ತಿತ್ತಂತೆ.

ಕೊನೆಗೆ ಅವನು ಅಂದ: “ಬಂತ್ರಿ ಅಕ್ಕಾರ. ಎಲ್ಲಾ ಕೂಡ್ತು.”

“ಇಮಾಮಬಿ ಅಂತ ತೆಗದು ನೋಡು.”

“ತಡೆ ಐತ್ರಿ.”

ಮುರುಗೆಪ್ಪನವರು ಧಾರವಾಡದ ಮಷೀನಿಗೆ ಕೆಲಸ ವಹಿಸಿಕೊಟ್ಟರು. ಹುಬ್ಬಳ್ಳಿಯದನ್ನು ಕೈಯಾರೆ ಆರಿಸಿದರು. ಮರುದಿನ ಸುಲಭಾಳನ್ನೂ ಮಾಲತೇಶನನ್ನೂ ಕೂಡಿಸಿಕೊಂಡು ಬೈಯಬೇಕಾದಷ್ಟು ಬೈದರು. ಆಮೇಲೆ ಎಂಥ ಅವಸರವಿದ್ದರೂ ಎತ್ತಿಡದೆ ಅವಳು ಬಾಕಿ ಇಳಿಸಿಲ್ಲ. ಆ ಚೆಕ್ಕು ಯಾವ ಬ್ರ್ಯಾಂಚಿಗೂ ಬರಲೇ ಇಲ್ಲ. ಯಾವ ಗಟಾರದಲ್ಲಿ ಬಿತ್ತೋ.

ತಂತಿ ಹರಿದ ದಿನದ ಸಂಜೆ ಸುಲಭಾ ಮನೆಗೆ ಬಂದಾಗ ಇಮಾಮಬಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಏನಾತವ್ವಾ ಎಂದು ಕೇಳಿದಳು. ತಡೆ ಬಿದ್ದಿದೆ, ಮಲಗು ಹೋಗು ಎಂದಷ್ಟೇ ಸುಲಭಾ ಹೇಳಿದಳು. ಅಷ್ಟರಲ್ಲಿ ನಳ ಬಂತು. ವಾರದ ಮೇಲೆ ಬಂದ ನೀರು. ಸುಲಭಾ ಸೀರೆಯ ಸೆರಗು ಸಿಕ್ಕಿಸಿ, ನಳದ ಬಾಯಿಗೆ ಅರಿವೆ ಕಟ್ಟಿ, ಮೊದಲನೆಯ ಕೊಡ ಇಟ್ಟಳು.